ಮದ್ರಸಾ ವ್ಯಾನಿನ ದಂಡ ಯಾರು ಕಟ್ಟಬೇಕು?

(ಜುಮಾ ಪ್ರವಚನದ ಸಾರಾಂಶ)

 



ಕಳೆದ ತಿಂಗಳು ನಮ್ಮ ಮದ್ರಸಾದ ವ್ಯಾನನ್ನು ತಪಾಸಣೆಗೆ ನಿಲ್ಲಿಸಿದ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದೆ. ನಡೆದದ್ದರ ಜೊತೆಗೆ ನಡೆಯದ ಮಾತುಗಳೂ ಊರಲ್ಲಿ ಓಡಾಡುತ್ತಿವೆ. ಆದ್ದರಿಂದ ಎಲ್ಲರೂ ಸೇರಿರುವ ಈ ದಿನವೇ ಹೇಳಿಬಿಡುವುದು ಒಳ್ಳೆಯದೆಂದು ಕಂಡಿತು. ವ್ಯಾನಿನ ತೆರಿಗೆಯ ಅವಧಿ ಮುಗಿದಿತ್ತು. ಒಂದು ಕಂತಲ್ಲ, ಎರಡು ಕಂತು ಬಾಕಿ ಇತ್ತು. ನಿಲ್ಲಿಸಿದ ಅಧಿಕಾರಿ ತಪಾಸಣಾ ವರದಿ ಬರೆದು ಕೊಟ್ಟರು; ಬಾಕಿ ತೆರಿಗೆ ಮತ್ತು ದಂಡ ಕಟ್ಟಿ ರಸೀದಿ ತೋರಿಸುವವರೆಗೆ ವ್ಯಾನ್ ಓಡಿಸಬಾರದು ಎಂದರು. ಒಳಗೆ ಮಕ್ಕಳಿದ್ದರು. ಅವರನ್ನು ಹೆತ್ತವರು ಬಂದು ಕರೆದುಕೊಂಡು ಹೋಗಬೇಕಾಯಿತು. ಮರುದಿನ ಒಂದನೇ ತರಗತಿಯ ಒಬ್ಬ ಹುಡುಗ ನಮ್ಮ ಬಳಿ ಬಂದು, "ಉಸ್ತಾದ್, ನಮ್ಮ ವ್ಯಾನ್ ಕದ್ದದ್ದಾ?" ಎಂದು ಕೇಳಿದ. ಅಲ್ಲ ಮಗಾ ಎಂದೆವು. ಆದರೆ ಆ ಪ್ರಶ್ನೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಆ ದಿನ ಇಶಾ ನಮಾಝಿನ ಬಳಿಕ ಸಮಿತಿ ಸೇರಿತು. ಒಬ್ಬರು, "ನಮ್ಮ ಹೆಸರು ನೋಡಿಯೇ ಹಿಡಿದದ್ದು" ಎಂದರು. ಅಂಥ ಅನುಭವ ಯಾರಿಗೂ ಆಗಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಅಂದು ನಮ್ಮ ವ್ಯಾನಿನ ಹಿಂದೆ ಎರಡು ಲಾರಿ, ಒಂದು ಬಸ್ಸು ಕೂಡಾ ನಿಂತಿದ್ದವು ಎಂದು ಡ್ರೈವರ್ ಸಹೋದರನೇ ಹೇಳಿದ. ಹೆಸರು ಏನೇ ಇರಲಿ, ತೆರಿಗೆ ಬಾಕಿ ಇದ್ದದ್ದು ನಿಜವಲ್ಲವೇ?

ಇನ್ನೊಬ್ಬರು, "ಪರಿಚಯದ ಏಜೆಂಟ್ ಇದ್ದಾನೆ, ಸ್ವಲ್ಪ ಕೊಟ್ಟರೆ ವರದಿಯೇ ಇಲ್ಲದಂತೆ ಮಾಡುತ್ತಾನೆ" ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಮದ್ರಸಾದ ಹಣ ಉಳಿಯಲಿ ಎಂದೇ ಹೇಳಿದ್ದು. ಆದರೆ ಸಹೋದರರೇ, ಅಲ್‌ಬಕರ ಅಧ್ಯಾಯದ 188ನೇ ವಚನ ನೋಡಿ. ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದು, ಅದಕ್ಕಾಗಿ ಅಧಿಕಾರಸ್ಥರ ಮುಂದೆ ಹಣ ಇಡಬಾರದು ಎಂದು ಅಲ್ಲಾಹನು ಎರಡನ್ನೂ ಒಟ್ಟಿಗೇ ತಡೆದಿದ್ದಾನೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದನ್ನು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಕಾಣಬಹುದು. ನಮ್ಮ ನ್ಯಾಯವಾದ ಹಕ್ಕನ್ನು ಹಣವಿಲ್ಲದೆ ಕೊಡುವುದಿಲ್ಲ ಎಂದು ಒಬ್ಬ ಅಧಿಕಾರಿ ಪಟ್ಟು ಹಿಡಿದರೆ ಆಗೇನು ಎಂಬ ಚರ್ಚೆ ಫಿಕ್‌ಹ್ ಗ್ರಂಥಗಳಲ್ಲಿದೆ. ಆದರೆ ಇಲ್ಲಿ ನಾವು ಹಕ್ಕು ಕೇಳುತ್ತಿರಲಿಲ್ಲ, ಕೊಡಬೇಕಾದದ್ದರಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದೆವು. ಮಕ್ಕಳಿಗೆ ಕುರ್‌ಆನ್ ಕಲಿಸಲು ಕರೆತರುವ ವ್ಯಾನಿಗೆ ಲಂಚವೇ?

ಮೂರನೆಯ ಮಾತು ಬಂದದ್ದು ಬ್ಯಾಂಕಿನ ಬಡ್ಡಿಯ ಬಗ್ಗೆ. "ಖಾತೆಯಲ್ಲಿ ಬಡ್ಡಿ ಹಣ ಸುಮ್ಮನೆ ಬಿದ್ದಿದೆ, ಅದರಿಂದ ಕಟ್ಟಿಬಿಡೋಣ." ಈ ಪ್ರಶ್ನೆಯನ್ನು ಜುಮಾ ಮುಗಿದ ಮೇಲೆ ನಮ್ಮಲ್ಲಿ ಎಷ್ಟೋ ಜನ ಕೇಳಿದ್ದಾರೆ. ಬಡ್ಡಿ ಹಣದಿಂದ ನಾವು ಲಾಭ ಪಡೆಯಬಾರದು, ಪುಣ್ಯದ ಆಸೆಯಿಲ್ಲದೆ ಅದನ್ನು ನಮ್ಮಿಂದ ಹೊರಹಾಕಬೇಕು. ಅನ್ಯಾಯದ ತೆರಿಗೆಗೆ ಅದನ್ನು ಕೊಡಬಹುದು ಎಂದ ಉಲಮಾಗಳಿದ್ದಾರೆ. ಆದರೆ ರಸ್ತೆಯ ಮೇಲೆ ದಿನಾ ನಮ್ಮ ಚಕ್ರ ಉರುಳುತ್ತದೆ. ಉಪಯೋಗಿಸಿದ್ದಕ್ಕೆ ಕೊಡಬೇಕಾದದ್ದನ್ನು ಬಡ್ಡಿ ಹಣದಿಂದ ಕೊಟ್ಟರೆ ಆ ಹಣದ ಲಾಭ ಪಡೆದವರು ನಾವೇ ಆದೆವು.

ಇಲ್ಲಿ ಕೆಲವು ಯುವಕರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕು. ಝಕಾತ್ ಕೊಟ್ಟ ಮೇಲೆ ಸರಕಾರದ ತೆರಿಗೆ ಏಕೆ, ತೆರಿಗೆ ವಸೂಲಿ ಮಾಡುವವನನ್ನು ಹದೀಸ್ ಖಂಡಿಸಿಲ್ಲವೇ ಎಂದು. ಖಂಡಿಸಿದ್ದು ದಾರಿಹೋಕರನ್ನು ಸುಲಿಯುವ ಅನ್ಯಾಯದ ಸುಂಕದವನನ್ನು. ಬೊಕ್ಕಸ ಸಾಲದೆ ಹೋದಾಗ ಜನರ ಒಳಿತಿಗಾಗಿ ಉಳ್ಳವರ ಮೇಲೆ ತೆರಿಗೆ ಹಾಕಬಹುದು ಎಂದು ಇಮಾಮ್ ಗಝಾಲಿ, ಇಮಾಮ್ ಶಾತಿಬಿಯಂಥವರು ಹೇಳಿದ್ದಾರೆ. ಅದಕ್ಕಿಂತಲೂ ಮುಖ್ಯವಾಗಿ, ವಾಹನ ನೋಂದಾಯಿಸುವಾಗ ನಾವು ಸಹಿ ಹಾಕಿದ್ದೇವೆ. ಕರಾರುಗಳನ್ನು ಈಡೇರಿಸಿ ಎಂಬ ಆಜ್ಞೆಯಿಂದಲೇ ಅಲ್‌ಮಾಇದ ಅಧ್ಯಾಯ ಆರಂಭವಾಗುತ್ತದೆ. ಕೊಳ್ಳುವಾಗ ತುಂಬಿ ಅಳೆಯುವ, ಕೊಡುವಾಗ ಕಡಿಮೆ ಅಳೆಯುವ ಜನರ ಬಗ್ಗೆ ಅಲ್‌ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸುತ್ತದೆ. ಅದನ್ನು ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತ ಎಂದುಕೊಂಡಿದ್ದೇವೆ. ರಸ್ತೆಯಲ್ಲಿ ಹೊಂಡ ಬಿದ್ದರೆ ಪಂಚಾಯತ್‌ನಿಂದ ಮಂತ್ರಿಯವರೆಗೆ ಎಲ್ಲರನ್ನೂ ಬೈಯುತ್ತೇವೆ, ತೆರಿಗೆಯ ದಿನ ಮಾತ್ರ ಮರೆತುಬಿಡುತ್ತೇವೆ.

ಈಗ ಅಂದಿನ ರಾತ್ರಿಯ ಕಠಿಣ ಪ್ರಶ್ನೆಗೆ ಬರೋಣ. ದಂಡ ಯಾರ ಜೇಬಿನಿಂದ?

ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಡ್ರೈವರ್ ಸಹೋದರನೇ ಹೇಳಿದ. ಪಾಪ, ಸ್ಟೀರಿಂಗ್ ಹಿಡಿದಿದ್ದವನು ತಾನೆಂದು ಅವನಿಗೆ ನಾಚಿಕೆ. ಕರ್ನಾಟಕದ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ತೆರಿಗೆಯ ಹೊಣೆ ನೋಂದಾಯಿತ ಮಾಲೀಕನದು ಅಥವಾ ವಾಹನವನ್ನು ತನ್ನ ಸ್ವಾಧೀನದಲ್ಲಿ ಇಟ್ಟುಕೊಂಡವನದು. ಸಂಬಳಕ್ಕೆ ಓಡಿಸುವವನ ತಲೆಗೆ ಅದನ್ನು ಕಟ್ಟುವುದು ಅನ್ಯಾಯ. ನಮ್ಮ ಜಮಾಅತಿನಲ್ಲಿ ಲಾರಿ, ಟೆಂಪೊ ಇಟ್ಟುಕೊಂಡ ಮಾಲೀಕರಿದ್ದಾರೆ, ಅವರ ಬಳಿ ದುಡಿಯುವ ಡ್ರೈವರ್‌ಗಳೂ ಇದ್ದಾರೆ, ಇಬ್ಬರೂ ಇದೇ ಸಫ್‌ನಲ್ಲಿ ನಿಲ್ಲುತ್ತಾರೆ. ತೆರಿಗೆ ಕಟ್ಟದ ಮಾಲೀಕ ದಂಡ ಬಿದ್ದಾಗ ಡ್ರೈವರ್‌ನ ಕೂಲಿಯಿಂದ ಮುರಿದುಕೊಳ್ಳುವುದು ನಡೆಯುತ್ತಿದೆ ಎಂದು ನಮ್ಮ ಕಿವಿಗೂ ಬಿದ್ದಿದೆ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುತ್ತಾನೆ ಎಂಬ ಹದೀಸ್ ಬುಖಾರಿಯಲ್ಲಿದೆ. ಯಾರ ಹೆಸರನ್ನೂ ನಾವು ಹೇಳುವುದಿಲ್ಲ.

ಹಾಗಾದರೆ ಮದ್ರಸಾ ಫಂಡಿನಿಂದ ಕೊಡೋಣವೇ? ಅದು ಶುಕ್ರವಾರದ ಡಬ್ಬಿಯಲ್ಲಿ ಕೂಲಿಯವರು ಹಾಕಿದ ಹಣ, ಅಮಾನತ್. ಅಮಾನತ್ ಇಟ್ಟುಕೊಂಡವನ ಕೈಯಲ್ಲಿ ಅವನ ತಪ್ಪಿಲ್ಲದೆ ಏನಾದರೂ ನಷ್ಟವಾದರೆ ಅವನು ತುಂಬಿಕೊಡಬೇಕಿಲ್ಲ. ಅವನ ಅಲಕ್ಷ್ಯದಿಂದ ಆದರೆ ತುಂಬಿಕೊಡಬೇಕು. ಇದು ಮದ್ರಸಾದ ಮಕ್ಕಳಿಗೇ ನಾವು ಕಲಿಸುವ ಪಾಠ. ವ್ಯಾನಿನ ಕಾಗದಗಳ ಫೈಲು ನಮ್ಮ ಕೋಣೆಯ ಕಪಾಟಿನಲ್ಲೇ ಇತ್ತು. ವಿಮೆಯ ದಿನಾಂಕ ನೋಡಿ ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆವು. ಕಾರ್ಯದರ್ಶಿಯವರು ನಾವು ನೋಡಿಕೊಳ್ಳುತ್ತೇವೆ ಎಂದು, ನಾವು ಅವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿದ್ದೆವು. ಆದ್ದರಿಂದ ಹೀಗೆ ತೀರ್ಮಾನವಾಯಿತು. ಎರಡು ಕಂತಿನ ತೆರಿಗೆ ಹೇಗಿದ್ದರೂ ಮದ್ರಸಾ ಕೊಡಬೇಕಾದದ್ದು, ಅದು ಫಂಡಿನಿಂದ. ದಂಡವನ್ನು ಕಾರ್ಯದರ್ಶಿ ಮತ್ತು ನಾವು ಅರ್ಧರ್ಧ. ಉಸ್ತಾದರ ಸಂಬಳವೇ ಎಷ್ಟು, ಅವರಿಂದ ಬೇಡ ಎಂದು ಹಿರಿಯರೊಬ್ಬರು ಎದ್ದು ನಿಂತರು. ಅವರ ಪ್ರೀತಿಗೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಪ್ರೀತಿಗೆ ಲೆಕ್ಕಪುಸ್ತಕವನ್ನು ತಿದ್ದುವ ಅಧಿಕಾರವಿಲ್ಲ. ರಸೀದಿ ಎರಡೂ ನೋಟಿಸ್ ಬೋರ್ಡಿನಲ್ಲಿವೆ, ಹೋಗುವಾಗ ನೋಡಿ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಹೇಳಲು ಕುರ್‌ಆನಿನ ಅತಿ ದೀರ್ಘ ವಚನವೇ ಅವತೀರ್ಣವಾಗಿದೆ. ರಸೀದಿ ಕೇಳಲು ಸಂಕೋಚ ಬೇಡ, ದಾರಿಯಲ್ಲಿ ನಿಲ್ಲಿಸಿದವರ ಬಳಿಯೂ.

ತೆರಿಗೆ ಬಾಕಿಯನ್ನು ಸಾಲ ಎನ್ನುವುದು ಅತಿಯಾಯಿತೇ? ಒಂದು ಜನಾಝಾ ತಂದಾಗ ಪ್ರವಾದಿವರ್ಯರು(ಸ) ಇವರಿಗೆ ಸಾಲವಿತ್ತೇ ಎಂದು ವಿಚಾರಿಸಿದರು. ಮೂರು ದೀನಾರ್ ಇತ್ತು, ತೀರಿಸಲು ಏನೂ ಉಳಿದಿರಲಿಲ್ಲ. ನಿಮ್ಮ ಸಂಗಾತಿಯ ನಮಾಝ್ ನೀವೇ ಮಾಡಿ ಎಂದುಬಿಟ್ಟರು. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ಒಪ್ಪಿಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು. ಅದು ಒಬ್ಬ ವ್ಯಕ್ತಿಗೆ ಕೊಡಬೇಕಾದ ಸಾಲ, ಕ್ಷಮೆ ಕೇಳಲು ಒಂದು ಮನೆಯ ಬಾಗಿಲಾದರೂ ಇತ್ತು. ರಸ್ತೆಯ ಬಾಕಿಗೆ ಯಾರ ಬಾಗಿಲು ತಟ್ಟುತ್ತೀರಿ?

ಕೈ ಖಾಲಿಯಾಗಿ ಕಟ್ಟಲಾಗದವರ ಮಾತು ಬೇರೆ. ಬಾಡಿಗೆ ಸಿಗದೆ ಲಾರಿ ನಿಂತಿರುತ್ತದೆ, ಬ್ಯಾಂಕ್ ಕಂತು ಬೇರೆ. ಅಂಥವರು ಒಂದು ಮಾತು ತಿಳಿದಿರಬೇಕು: ವಾಹನ ಶೆಡ್ಡಿನಲ್ಲಿ ನಿಂತಿದೆ ಎಂದ ಮಾತ್ರಕ್ಕೆ ತೆರಿಗೆ ನಿಲ್ಲುವುದಿಲ್ಲ. ಓಡಿಸುವುದಿಲ್ಲ ಎಂದು ಮುಂಚಿತವಾಗಿ ಆರ್‌ಟಿಒ ಕಚೇರಿಗೆ ಬರೆದು ಕೊಟ್ಟು ಕಾಗದಗಳನ್ನು ಒಪ್ಪಿಸಬೇಕು. ನಾಲ್ಕು ತಿಂಗಳ ಬಳಿಕ ಹೋಗಿ "ಓಡಿಸಲೇ ಇಲ್ಲ ಸರ್" ಎಂದರೆ ಪ್ರಯೋಜನವಿಲ್ಲ. ನಿಜಕ್ಕೂ ಕಷ್ಟದಲ್ಲಿದ್ದರೆ ದಂಡ ಬೆಳೆಯುವ ಮುಂಚೆ ಬೈತುಲ್ ಮಾಲ್‌ಗೆ ಬನ್ನಿ, ಬಡ್ಡಿಯಿಲ್ಲದ ಸಾಲ ಕೊಡೋಣ. ಸಾಲದಲ್ಲಿ ಮುಳುಗಿದವರು ಝಕಾತ್‌ಗೂ ಅರ್ಹರು. ಗುಟ್ಟು ನಮ್ಮಲ್ಲೇ ಉಳಿಯುತ್ತದೆ.

ಬೈಕ್, ಸ್ವಂತ ಕಾರು ಇರುವವರು ನಮಗಿದು ಸಂಬಂಧವಿಲ್ಲ ಎಂದುಕೊಳ್ಳಬೇಡಿ. ನೀವು ಕೊಳ್ಳುವಾಗಲೇ ಲೈಫ್ ಟೈಮ್ ತೆರಿಗೆ ಕಟ್ಟಿರುತ್ತೀರಿ, ಸರಿ. ವಿಮೆ, ಹೊಗೆ ತಪಾಸಣೆಯ ದಿನಾಂಕಗಳು ಬೇರೆ ಇವೆ. ಲಾರಿ, ಬಸ್ಸಿನವರಿಗೆ ಎಫ್‌ಸಿ, ಪರ್ಮಿಟ್ ಕೂಡಾ. ಒಂದು ಸರಿಯಿದ್ದರೆ ಇನ್ನೊಂದು ಸರಿಯಿದೆ ಎಂದರ್ಥವಲ್ಲ. ನಾವು ಎಡವಿದ್ದು ಅಲ್ಲಿಯೇ. ಹಳೆಯ ವಾಹನ ಕೊಳ್ಳುವವರು ಹಣ ಕೊಡುವ ಮೊದಲು ತೆರಿಗೆ ಎಲ್ಲಿಯವರೆಗಿದೆ ಎಂದು ನೋಡಿ. ದಾಖಲೆಯಲ್ಲಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆಯೇ ಇರಲಿ. ನಮ್ಮ ವ್ಯಾನಿಗೆ ಇದ್ದದ್ದು ಹಿಂದಿನ ಕಾರ್ಯದರ್ಶಿಯವರ ಸಂಖ್ಯೆ, ಅವರು ಕೊಲ್ಲಿಗೆ ಹೋಗಿ ಮೂರು ವರ್ಷವಾಯಿತು.

ಇಂದು ನಮಾಝ್ ಮುಗಿದ ಮೇಲೆ ಜಮಾಅತಿನ ಇಬ್ಬರು ಯುವಕರು ಮಸೀದಿಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುತ್ತಾರೆ. ಆರ್‌ಸಿ ತೋರಿಸಿದರೆ ನಿಮ್ಮ ವಾಹನದ ಎಲ್ಲಾ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಮೊಬೈಲಿಗೆ ಬರುವ ಒಟಿಪಿಯನ್ನು ಅವರಿಗೂ ಹೇಳಬೇಡಿ, ನೀವೇ ಒತ್ತಿ. ಅಸರ್ ತನಕ ಇರುತ್ತಾರೆ. ಮದ್ರಸಾ ವ್ಯಾನಿನ ಚೀಟಿಯನ್ನು ಬೆಳಿಗ್ಗೆಯೇ ಬರೆಸಿ ಡ್ರೈವರ್ ಸೀಟಿನ ಎದುರು ಅಂಟಿಸಿದ್ದೇವೆ.