ಮುಖ ಬೇರೆಯವರದ್ದು, ಸ್ವರ ಅಮೀರ್‌ಬಾಯಿದು

ಬಸ್ರೂರಿಂದ ಮಾತಾಡ್ತಿದ್ದೇನೆ. ಹೋದ ವಾರ ಹಾಂಗ್‌ಕಾಂಗಿನ ಅನಿತಾ ಮುಯಿ ಬಗ್ಗೆ ಹೇಳಿದ್ದೆ. ಹಾಡೂ ಅವರದ್ದೇ, ತೆರೆ ಮೇಲೆ ಮುಖವೂ ಅವರದ್ದೇ. ನಮ್ಮಲ್ಲಿ ಅಂಥವರು ಇದ್ರಾ ಅಂತ ಕೇಳಿದ್ರಿ. ಇದ್ರು ಮಾರ್ರೆ: ಅಮೀರ್‌ಬಾಯಿ ಕರ್ನಾಟಕಿ. ಊರು ಬೀಳಗಿ, ಈಗಿನ ಬಾಗಲಕೋಟೆ ಜಿಲ್ಲೆ.

1934ರಲ್ಲಿ ‘ವಿಷ್ಣು ಭಕ್ತಿ’ ಸಿನಿಮಾದಲ್ಲಿ ನಟಿಸಿದರು. ಆಗ ತೆರೆ ಮೇಲೆ ಹಾಡಿದ್ರೆ ಸ್ವರ ನಟಿಯದ್ದೇ. ಹಿನ್ನೆಲೆ ಗಾಯನ ಬಂದದ್ದೇ ಲೆಕ್ಕ ಬದಲಾಯ್ತು. 1943ರ ‘ಕಿಸ್ಮತ್’ ಕಾಣಿ. ಕೋಲ್ಕತ್ತಾದ ರಾಕ್ಸಿ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ನಾಯಕಿ ಮುಮ್ತಾಜ್ ಶಾಂತಿ, ಹಾಡಿದ್ದು ಅಮೀರ್‌ಬಾಯಿ. ಬಿಕಾಂ ಓದಿದ ನನ್ನ ತಲೆ ಇಲ್ಲೇ ನಿಲ್ತದೆ: ಸರಕು ಇವರದ್ದು, ಪೋಸ್ಟರ್ ಬೇರೆಯವರದ್ದು!

1949ರ ಹೊತ್ತಿಗೆ ಲತಾ ಮಂಗೇಶ್ಕರ್ ಎಲ್ಲ ಕಡೆ ಕೇಳಿಸತೊಡಗಿದರು. ಅಮೀರ್‌ಬಾಯಿಗೆ ಹಾಡು ಕಮ್ಮಿಯಾಗಿ, ಮತ್ತೆ ಕ್ಯಾಮರಾ ಮುಂದೆ ಬಂದರು. ಈ ಸಲ ಸಣ್ಣ ಪಾತ್ರಗಳಿಗೆ. 1965ರಲ್ಲಿ ತೀರಿಕೊಂಡರು. ವಿಜಯಪುರದಲ್ಲಿ ಅವರ ಹೆಸರಿನದ್ದೇ ಅಮೀರ್ ಟಾಕೀಸ್. ಓದುವವರಿಗೆ ರಹಮತ್ ತರೀಕೆರೆಯವರು ಕನ್ನಡದಲ್ಲೇ ಪುಸ್ತಕ ಬರೆದಿದ್ದಾರೆ.

ಓದೋದು ಆಮೇಲೆ. ‘ಕಿಸ್ಮತ್’ನಲ್ಲಿ ಹಾಡಿದ ಜೋಗುಳ ಉಂಟಲ್ಲ, ಇವತ್ತು ರಾತ್ರಿ ಅದನ್ನು ಹಾಕಿ, ಫೋನ್ ಕವುಚಿ ಇಟ್ಟು ಕೇಳಿ.