ಟಾನಿಕ್ ಬರೆಯುವ ಮುನ್ನ

ಇಂದಿನಿಂದ ಹೆಸರಿನ ಹಿಂದೆ ‘ಡಾಕ್ಟರ್’ ಸೇರಿಸಿಕೊಳ್ಳುವ ಗೆಳೆಯ ಗೆಳತಿಯರೇ,

ಈ ವೇದಿಕೆಯಿಂದ ಬದುಕಿನ ಬಗ್ಗೆ ಉಪದೇಶಿಸುವುದು ವಾಡಿಕೆ. ನಾನು ಯಕೃತ್ತಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ಹೆಪಟೈಟಿಸ್ ಸಿ ವೈರಸ್ಸಿನ ಕೋರ್ ಪ್ರೋಟೀನು ಯಕೃತ್ಕೋಶದ ಮೈಟೊಕಾಂಡ್ರಿಯಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ಕ್ಯಾಲ್ಸಿಯಂ ಏರುತ್ತದೆ, ಎಲೆಕ್ಟ್ರಾನುಗಳು ದಾರಿ ತಪ್ಪುತ್ತವೆ, ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಅವನ್ನು ತಣಿಸಬೇಕಾದ ಗ್ಲುಟಾಥಯೋನ್ ಕರಗುತ್ತ ಹೋಗುತ್ತದೆ. ಕಬ್ಬಿಣವನ್ನು ಹತೋಟಿಯಲ್ಲಿಡುವ ಹೆಪ್ಸಿಡಿನ್ ತಗ್ಗಿ ಯಕೃತ್ತಿನಲ್ಲಿ ಕಬ್ಬಿಣ ಕೂಡುತ್ತದೆ. ಆ ಕಬ್ಬಿಣದಿಂದ ಇನ್ನಷ್ಟು ರ್‍ಯಾಡಿಕಲ್‌ಗಳು. ಹೆಪಟೈಟಿಸ್ ಬಿ ವೈರಸ್ಸಿನ ಎಕ್ಸ್ ಪ್ರೋಟೀನೂ ಮೈಟೊಕಾಂಡ್ರಿಯವನ್ನೇ ಕೆಣಕುತ್ತದೆ. ಈ ಆಕ್ಸಿಡೇಟಿವ್ ಒತ್ತಡಕ್ಕೆ ಸ್ಟೆಲೇಟ್ ಕೋಶಗಳು ಎಚ್ಚೆತ್ತು ಕೊಲಾಜನ್ ನೇಯುತ್ತವೆ: ಮೊದಲು ಫೈಬ್ರೋಸಿಸ್, ಮುಂದೆ ಸಿರೋಸಿಸ್. ಡಿಎನ್‌ಎಗೆ ಬಿದ್ದ ಪೆಟ್ಟು ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಮದ್ಯವೂ ಜೊತೆಯಾದರೆ ಎಲ್ಲವೂ ಬೇಗ.

ಹಾಗಾದರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಸಾಕಲ್ಲವೇ? ತರ್ಕವೇನೋ ಚೊಕ್ಕವಾಗಿದೆ. ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ ಹೆಪಟೈಟಿಸ್ ಸಿ ರೋಗಿಗಳಿಗೆ ಅಮೆರಿಕದಲ್ಲಿ 24 ವಾರ ಸಿಲಿಮರಿನ್ ಎಂಬ ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದರು, ಅದೂ ವಾಡಿಕೆಗಿಂತ ಹೆಚ್ಚಿನ ಪ್ರಮಾಣದಲ್ಲಿ. 2012ರಲ್ಲಿ ಫಲಿತಾಂಶ ಬಂತು: ಯಕೃತ್ತಿನ ಹಾನಿ ತೋರುವ ಕಿಣ್ವವಾದ ಎಎಲ್‌ಟಿ ಇಳಿಸುವುದರಲ್ಲಿ ಅದು ಹುಸಿಮಾತ್ರೆಗಿಂತ ಮೇಲೇನೂ ಆಗಿರಲಿಲ್ಲ. ಒಲೆ ಉರಿಯುತ್ತಿರುವಾಗ ಹೊಗೆಗೆ ಬೀಸಣಿಗೆ ಬೀಸಿದಂತಾಯಿತು. ಮರುವರ್ಷ ಅಲ್ಲಿ ಸಿ ವೈರಸ್ಸಿನ ಔಷಧಿ ಸೊಫೊಸ್‌ಬುವಿರ್‌ಗೆ ಅನುಮತಿ ಸಿಕ್ಕಿತು. ಇಂದು ಅದರಂತೆ ನೇರವಾಗಿ ವೈರಸ್ಸಿಗೇ ಗುರಿಯಿಡುವ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಿ ಸೋಂಕನ್ನು ಪೂರ್ತಿ ಅಳಿಸುವುದು ಇನ್ನೂ ಕಷ್ಟ. ಆದರೆ ಟೆನೊಫೊವಿರ್ ಅದನ್ನು ಹತೋಟಿಯಲ್ಲಿಡುತ್ತದೆ, ಲಸಿಕೆ ಅದು ಬಾರದಂತೆಯೇ ತಡೆಯುತ್ತದೆ.

ನಮ್ಮೂರುಗಳಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರ ಹೆಸರು ದೊಡ್ಡದು. ಹೆಪಟೈಟಿಸ್ ಎ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಅವರನ್ನು ನೋಡಿ ನಗಬೇಡಿ. ಪರೀಕ್ಷೆ ಮಾಡಿಸದೆ ಲಿವರ್ ಟಾನಿಕ್ ಬರೆಯುವ ವೈದ್ಯರೂ ಅದೇ ಸಾಲಿನವರು. ಬಿ ಮತ್ತು ಸಿ ಸೋಂಕು ದೀರ್ಘಕಾಲದ್ದಾದಾಗ ಕಣ್ಣು ಹಳದಿಯಾಗದೆಯೇ ದಶಕಗಳು ಕಳೆಯಬಹುದು. 2022ರಲ್ಲಿ ಭಾರತದಲ್ಲಿ ಸುಮಾರು ಮೂರು ಕೋಟಿ ಜನರಿಗೆ ಬಿ, 55 ಲಕ್ಷ ಜನರಿಗೆ ಸಿ ಸೋಂಕಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರಲ್ಲಿ ಬಹುತೇಕರಿಗೆ ತಮಗೆ ಸೋಂಕಿರುವುದೇ ತಿಳಿದಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಪರೀಕ್ಷೆಯನ್ನೂ ಔಷಧಿಯನ್ನೂ ಉಚಿತವಾಗಿ ಕೊಡುತ್ತದೆ. ಅದನ್ನು ರೋಗಿಗೆ ತಲುಪಿಸಬೇಕಾದವರು ನೀವು.

ರೋಗ ಹೇಗೆ ಕೆಲಸ ಮಾಡುತ್ತದೆಂದು ತಿಳಿದವರಿಗೆ ಮದ್ದು ಯಾವುದೆಂದೂ ತಿಳಿದುಬಿಟ್ಟಿತೆಂಬ ಭ್ರಮೆ ಬೇಗ ಹತ್ತುತ್ತದೆ. ಮದ್ದನ್ನು ನಿರ್ಧರಿಸಬೇಕಾದ್ದು ಪ್ರಯೋಗ. ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟೇ: ಎಎಲ್‌ಟಿ ಏರಿದ ರೋಗಿ ಎದುರು ಕುಳಿತಾಗ, ಟಾನಿಕ್ ಬರೆಯುವ ಮುನ್ನ ಬಿ ಸೋಂಕಿಗೆ ಎಚ್‌ಬಿಎಸ್‌ಎಜಿ, ಸಿ ಸೋಂಕಿಗೆ ಆಂಟಿ-ಎಚ್‌ಸಿವಿ ಎಂಬ ಎರಡು ಪರೀಕ್ಷೆಗಳನ್ನು ಬರೆಯಿರಿ.