ಅಡಮಾನ ರಿನ್ಯೂವಲ್‌ಗೆ ಮುಂಚೆ ಹಾಕಬೇಕಾದ ಲೆಕ್ಕ

(ಬಂಗಾರಪೇಟೆ ಸೀಮೆಯ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಮ್ಮ ಮಗ್ಗುಲಲ್ಲೇ ಚಿನ್ನದ ಗಣಿ ಇತ್ತು. ನೂರು ವರ್ಷಕ್ಕೂ ಮಿಗಿಲಾಗಿ ನೆಲದಿಂದ ಬಂಗಾರ ಎತ್ತಿದರು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಈಗ ಕೆ.ಜಿ.ಎಫ್. ಸುತ್ತಮುತ್ತ ಬೇಸಾಯಗಾರನ ಮನೆ ಬಂಗಾರ ಎಲ್ಲಿದೆ ಅಂತ ಕೇಳಿದರೆ, ಎಷ್ಟೋ ಮನೆಗಳ ಉತ್ತರ ಒಂದೇ: ಬ್ಯಾಂಕಿನಲ್ಲಿ ಅಡ ಇದೆ. ಅದರ ಜೊತೆಗೆ ಜಮೀನಿನ ಕಾಗದವೂ ಅಲ್ಲೇ ಇದೆ.

ಇವತ್ತು ಆ ಜಮೀನಿನ ಕಾಗದದ ಮಾತು. ನೀವು ಮನೆಯವರೆಲ್ಲ ಕೂತು ಸಾಲ ತೀರಿಸೋಕೆ ಒಂದು ದಾರಿ ಮಾಡಿಕೊಂಡಿರ್ತೀರಿ. ಹಾಲಿನ ಬಟವಾಡೆ ಸಂಘದ ಕಂತಿಗೆ, ರೇಷ್ಮೆ ಗೂಡಿನ ದುಡ್ಡು ಕೈಸಾಲಕ್ಕೆ, ಟೊಮ್ಯಾಟೊ ಕೈ ಹಿಡಿದರೆ ಗೊಬ್ಬರದಂಗಡಿ ಬಾಕಿಗೆ. ಎರಡು ವರ್ಷದಲ್ಲಿ ಮುಗಿಯುತ್ತೆ ಅನ್ನೋ ಹೊತ್ತಿಗೆ ಬ್ಯಾಂಕಿನಿಂದ ಕರೆ ಬರುತ್ತೆ: ಬೆಳೆ ಸಾಲದ ಗಡುವು ಮುಗೀತು, ರಿನ್ಯೂವಲ್ ಮಾಡಿಸಿ. ಇಲ್ಲಿ ದಾರಿ ತಪ್ಪುತ್ತದೆ.

ಹೇಗೆ ಅಂದರೆ ಕೇಳಿ. ಸಾಲ 3 ಲಕ್ಷ ಅಂತಿಟ್ಟುಕೊಳ್ಳೋಣ. ಕೇಂದ್ರದ ಬಡ್ಡಿ ಸಹಾಯ ಯೋಜನೆಯಲ್ಲಿ ಬಡ್ಡಿ ನೂರಕ್ಕೆ 7. ಗಡುವಿನೊಳಗೆ ಕಟ್ಟಿದವನಿಗೆ 3 ರಿಯಾಯಿತಿ, ಉಳಿಯೋದು 4. ಅಂದರೆ ವರ್ಷಕ್ಕೆ 12,000 ರೂಪಾಯಿ. ಆದರೆ ಕಟ್ಟೋಕೆ ಕೈಯಲ್ಲಿ 3 ಲಕ್ಷ ಎಲ್ಲಿದೆ? ಊರಿನ ಸಾಹುಕಾರನ ಹತ್ತಿರ ಹತ್ತು ದಿನದ ಮಟ್ಟಿಗೆ ತರ್ತೀರಿ. ಮೂರು ರೂಪಾಯಿ ಬಡ್ಡಿ, ದಿನ ಹತ್ತಾದರೂ ಅವನು ಹಿಡಿಯೋದು ತಿಂಗಳ ಲೆಕ್ಕ. 9,000 ರೂಪಾಯಿ! ಸರ್ಕಾರ ನಿಮಗೆ ಕೊಟ್ಟ ಆ ನೂರಕ್ಕೆ 3ರ ರಿಯಾಯಿತಿಯೂ ಅಷ್ಟೇ, 9,000. ಒಂದು ಪೈಸೆ ಹೆಚ್ಚು ಕಮ್ಮಿ ಇಲ್ಲ. ದಿಲ್ಲಿಯಿಂದ ಹೊರಟ ದುಡ್ಡು ನಿಮ್ಮ ಪಾಸ್‌ಬುಕ್ಕಿನಲ್ಲಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಸಾಹುಕಾರನ ಮನೆ ಸೇರಿತು. ಬ್ಯಾಂಕ್ ಹೊಸ ಸಾಲ ಮಂಜೂರು ಮಾಡೋದು ಒಂದು ತಿಂಗಳು ತಡವಾಯ್ತೋ, ಇನ್ನೊಂದು 9,000. ಸಾಲ ಮಾತ್ರ 3 ಲಕ್ಷ ಇದ್ದಲ್ಲೇ ಇದೆ.

ಹಾಗಾದರೆ ಏನು ಮಾಡೋಣ ಅಂತೀರಿ. ಇದನ್ನು ತಿರುಗಿಸಿ ಹಿಡೀಬೇಕು. ಸಾಹುಕಾರನಿಂದ ತಂದು ಬ್ಯಾಂಕಿಗೆ ಕಟ್ಟೋದಲ್ಲ, ಬ್ಯಾಂಕಿನಿಂದ ಸಾಹುಕಾರನ ಸಾಲ ತೀರಿಸೋದು. ಕೈಸಾಲದ ಬಡ್ಡಿಯಲ್ಲಿ ಸಿಕ್ಕಿಬಿದ್ದ ರೈತನಿಗೆ, ಅದನ್ನು ತೀರಿಸೋಕೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತಾ ವಲಯದ ಕೃಷಿ ಸಾಲದ ಪಟ್ಟಿಯಲ್ಲೇ ಸೇರಿಸಿದೆ. ಮ್ಯಾನೇಜರ್ ಕೊಟ್ಟೇ ಕೊಡಬೇಕು ಅಂತ ಅದರ ಅರ್ಥವಲ್ಲ. ಆದರೆ ಕೇಳೋಕೆ ನಿಮಗೆ ಬಾಯಿ ಇದೆ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಯಾರಿಗೆ ಎಷ್ಟು ಕೊಡಬೇಕು, ಯಾವ ಬೆಳೆಗೆ ಯಾವ ಕಂತು, ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ನೂರಕ್ಕೆ 36ರ ಬಡ್ಡಿ ಮೊದಲು ತೀರಬೇಕು. ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲವನ್ನು ಗಡುವಿಗೆ ಮುಂಚೆ ತೀರಿಸೋಕೆ ಆತುರ ಬೇಡ, ಆದರೆ ಗಡುವಿನ ದಿನ ಮಾತ್ರ ದಾಟಬಾರದು. ರಾಜ್ಯದಲ್ಲಿ ಆ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು.

ರಿನ್ಯೂವಲ್ ದಿನ ಕಾಗದದ ಕಂತೆ ಮುಂದಿಡ್ತಾರೆ. ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕು ಮಾಡಿತು. ನಿಮ್ಮ ಸಾಲ ಅದರೊಳಗಿದ್ದರೆ ಜಮೀನಿನ ಅಡಮಾನ ಯಾಕೆ ಅಂತ ಕೇಳಿ. ಇನ್ನೊಂದು ಮಾತು. ಹೆಚ್ಚಿನ ಭದ್ರತೆಗೆ ಮನೆ ಪತ್ರವೂ ಇರಲಿ ಅಂದರೆ ಹುಷಾರು. 2002ರ ಸರ್ಫೇಸಿ ಕಾಯ್ದೆ, ಅಂದರೆ ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ಹಿಡಿಯುವ ಕಾಯ್ದೆ, ಸಾಗುವಳಿ ಜಮೀನಿನ ಮೇಲೆ ನಡೆಯೋದಿಲ್ಲ. ಮನೆ ಮೇಲೆ ನಡೆಯುತ್ತೆ.

ಮಳೆ ಕೈಕೊಟ್ಟ ವರ್ಷದ ಕಥೆ ಬೇರೆ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದರು. ಅಂಥ ಕಾಲಕ್ಕೆ ಬೆಳೆ ಸಾಲವನ್ನು ಅವಧಿ ಸಾಲವಾಗಿ ಬದಲಿಸಿ ವರ್ಷಗಳ ಕಂತು ಮಾಡಿಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಲ್ಲಿತ್ತು. ಕೇಳಿದವರೆಷ್ಟು ಮಂದಿ? ಎಷ್ಟೋ ಜನ ಸಾಹುಕಾರನ ಮನೆಗೇ ನಡೆದರು.

ಆ ಸಾಹುಕಾರ ಈಗ ಅಡಮಾನ ಪತ್ರ ಬರೆಸೋದೇ ಬಿಟ್ಟಿದ್ದಾನೆ. ಶುದ್ಧ ಕ್ರಯ ಅಂತಾನೆ. ‘ದುಡ್ಡು ಕೊಟ್ಟ ದಿನ ವಾಪಸ್ ಬರೆದುಕೊಡ್ತೀನಪ್ಪ, ನಂಬಿಕೆ ಇಲ್ವಾ?’ ಅಂತಾನೆ. ಬೆಂಗಳೂರು ಹತ್ತಿರವಾದಷ್ಟೂ ನಮ್ಮ ನೆಲದ ಬೆಲೆ ಏರಿದೆ, ಅವನ ಕಣ್ಣಿರೋದು ಬಡ್ಡಿ ಮೇಲಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಂ ಪ್ರಕಾರ, ವಾಪಸ್ ಕೊಡುವ ಷರತ್ತು ಅದೇ ಕ್ರಯಪತ್ರದಲ್ಲೇ ಇಲ್ಲದಿದ್ದರೆ ಅದನ್ನು ಅಡಮಾನ ಅಂತ ಹಿಡಿಯೋದಿಲ್ಲ. ಬೇರೆ ಕಾಗದದಲ್ಲಿ ಬರೆದುಕೊಟ್ಟೆ, ಸಾಕ್ಷಿ ಇದ್ದಾರೆ, ದೇವರ ಮುಂದೆ ಹೇಳಿದ್ದಾನೆ ಅಂತ ಆಮೇಲೆ ಅಂದರೆ ಕೋರ್ಟಿನಲ್ಲಿ ಗೆಲ್ಲೋದು ಬಹಳ ಕಷ್ಟ. 1980ರ ದಶಕದಲ್ಲಿ ಜಪ್ತಿಗೆ ಜೀಪು ಬಂತು, ರೈತ ಸಂಘದವರು ಹೋಗಿ ಮರುಜಪ್ತಿ ಮಾಡಿ ಸಾಮಾನು ತಂದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೀವೇ ಬರೆದುಕೊಟ್ಟದ್ದನ್ನು ಯಾವ ಸಂಘ ಮರುಜಪ್ತಿ ಮಾಡೀತು?

ಬೆಲೆಯ ಮಾತು ಬಿಟ್ಟು ಸಾಲದ ಮಾತಾಡ್ತೀರಲ್ಲ ಅಂತ ಯಾರೋ ಅಂದರು. ಸರಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2,000 ದಾಟಿತು. ಅದೇ ಟೊಮ್ಯಾಟೊವನ್ನು ರಸ್ತೆಗೆ ಸುರಿದ ವರ್ಷಗಳನ್ನೂ ಕಂಡಿದ್ದೀವಿ. ಬೆಲೆಗಾಗಿ ಹೋರಾಟ ಇದ್ದೇ ಇದೆ. ಅದಕ್ಕೇ ಹೇಳೋದು, ಕಂತನ್ನು ಟೊಮ್ಯಾಟೊ ಮೇಲೆ ಬರೀಬೇಡಿ, ಹಾಲಿನ ಮೇಲೆ ಬರೀರಿ. ಟೊಮ್ಯಾಟೊ ದುಡ್ಡು ಬಂದರೆ ಹೆಚ್ಚುವರಿ ಅಂತ ಅಸಲಿಗೆ ಕಟ್ಟಿ.

ಸಾಲ ಪೂರ್ತಿ ತೀರಿದ ದಿನ ಬರಿಗೈಲಿ ಮನೆಗೆ ಬರಬೇಡಿ. ಬಾಕಿ ಇಲ್ಲ ಅನ್ನೋ ಪತ್ರ, ಮೂಲ ಕಾಗದ ಎಲ್ಲಾ ಎಣಿಸಿ ತನ್ನಿ. ಅಡಮಾನ ರಿಜಿಸ್ಟರ್ ಆಗಿದ್ದರೆ ಬಿಡುಗಡೆ ಪತ್ರವನ್ನೂ ರಿಜಿಸ್ಟರ್ ಮಾಡಿಸಿ. ತಿಂಗಳು ಬಿಟ್ಟು ಹೊಸ ಪಹಣಿ ತೆಗೆಸಿ, ಋಣದ ಕಲಂನಲ್ಲಿ ಬ್ಯಾಂಕಿನ ಹೆಸರು ಹೋಗಿದೆಯೋ ಇಲ್ಲವೋ ನೋಡಿ. ಹೋಗದಿದ್ದರೆ ಆ ಪಹಣಿ ಹಿಡಿದು ನಾಡಕಚೇರಿಗೆ ಹೋಗೋಣ, ಒಬ್ಬೊಬ್ಬರೇ ಬೇಡ, ಹತ್ತು ಮಂದಿ ಸೇರಿಯೇ ಹೋಗೋಣ.